ಬಿದಿಗೆಯ ಚಂದ್ರನೂ ಪಾಸ್ಖ ಹಬ್ಬವೂ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕ್ರಿಸ್ತಜಯಂತಿಯು ಪ್ರತಿವರ್ಷವೂ ಡಿಸೆಂಬರ್ 25ರಂದೇ ಬರುವಾಗ ಪಾಸ್ಖ ಹಬ್ಬವೇಕೆ ದಿನ ಬದಲಿಸುತ್ತದೆ? 2024ರಲ್ಲಿ ನಾವು ಮಾರ್ಚ್ 31ರಂದು ಪಾಸ್ಖವನ್ನು ಆಚರಿಸಿದೆವು. ಯೆಹೂದ್ಯರ ಪಾಸ್ಖವಾದರೋ ಏಪ್ರಿಲ್ 22ರ ಸಂಜೆ ಆರಂಭವಾಯಿತು. ಹಾಗಾದರೆ ನಮ್ಮ ಎಣಿಕೆ ತಪ್ಪೇ? ಈ ಪ್ರಶ್ನೆಯಿಂದ ಕೆಲವರ ಮನಸ್ಸು ಕಲಕಿರುವುದನ್ನು ನಾವು ಬಲ್ಲೆವು.

1799ರ ನಂತರ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದ ಅಬ್ಬೆ ದುಬಾಯ್ ಸ್ವಾಮಿಗಳು ಈ ನಾಡಿನ ಆಚಾರಗಳನ್ನು ಅರಿತು ಗ್ರಂಥ ರಚಿಸಿದವರು. ಅವರಂತೆ ನಾವೂ ನೆರೆಹೊರೆಯವರ ಆಚಾರದಿಂದಲೇ ಆರಂಭಿಸೋಣ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಯ ಹಳ್ಳಿಗಳಲ್ಲಿ ಯುಗಾದಿಯ ಮಾರನೆಯ ಸಂಜೆ ಜನರು ಪಡುವಣದಲ್ಲಿ ಎಳೆಚಂದ್ರನನ್ನು ಹುಡುಕುವುದನ್ನು ಕಂಡಿದ್ದೇವೆ. ಪ್ರಾಚೀನ ಜೆರುಸಲೇಮಿನಲ್ಲಿ ತಿಂಗಳು ಹುಟ್ಟುತ್ತಿದ್ದುದೂ ಹೀಗೆಯೇ. ಎಳೆಚಂದ್ರನನ್ನು ಕಣ್ಣಾರೆ ಕಂಡ ಇಬ್ಬರು ನ್ಯಾಯಸಭೆಯ ಮುಂದೆ ಸಾಕ್ಷಿ ನುಡಿಯಬೇಕಿತ್ತು. ಸಾಕ್ಷಿ ದೊರೆಯದಿದ್ದರೆ ಕಳೆದ ತಿಂಗಳಿಗೆ 30 ದಿನ ತುಂಬಿಸುತ್ತಿದ್ದರು. ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಉರಿಸಿ ಸುದ್ದಿ ಮುಟ್ಟಿಸುತ್ತಿದ್ದರು. ಮುಂದೆ ದೂತರನ್ನು ಕಳುಹಿಸತೊಡಗಿದರು.

ಕನ್ನಡ ಬೈಬಲಿನಲ್ಲಿ ಈ ದಿನಕ್ಕೆ ‘ಅಮಾವಾಸ್ಯೆ’ ಎಂಬ ಪದವಿದೆ. ಅದನ್ನು ಓದಿದೊಡನೆ ನಮಗೆ ನೆನಪಾಗುವುದು ಕತ್ತಲ ರಾತ್ರಿ. ಆದರೆ ಇಸ್ರಯೇಲರು ಕಹಳೆಯೂದಿ ಕೊಂಡಾಡಿದುದು ಕತ್ತಲೆಯನ್ನಲ್ಲ. ಕತ್ತಲೆ ಕಳೆದು ಮೂಡಿದ ಬೆಳಕನ್ನು, ಎಂದರೆ ನಮ್ಮ ಬಿದಿಗೆಯ ಚಂದ್ರನನ್ನು.

ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು. ಸೌರವರ್ಷಕ್ಕೆ 11 ದಿನ ಕಡಿಮೆ. ಪಾಸ್ಖವು ಜವೆಗೋಧಿ ತೆನೆ ಬಲಿಯುವ ವಸಂತದಲ್ಲಿಯೇ ಬರಬೇಕಾದುದರಿಂದ ಯೆಹೂದ್ಯರು 19 ವರ್ಷಗಳಲ್ಲಿ 7 ಅಧಿಕ ಮಾಸಗಳನ್ನು ಸೇರಿಸುತ್ತಾರೆ. ನಮ್ಮ ಪಂಚಾಂಗದಲ್ಲಿಯೂ ಅಧಿಕಮಾಸವುಂಟಷ್ಟೆ. ಯುಗಾದಿಯೂ ಯೆಹೂದ್ಯರ ನಿಸಾನ್ ಮಾಸದ ಮೊದಲ ದಿನವೂ 2024ರಲ್ಲಿ ಏಪ್ರಿಲ್ 9ರಂದು, 2025ರಲ್ಲಿ ಮಾರ್ಚ್ 30ರಂದು ಒಂದೇ ದಿನ ಬಂದವು!

ಹಾಗಿದ್ದರೂ ಧರ್ಮಸಭೆಯ ಎಣಿಕೆ ಬೇರೆಯೇಕೆ? ಆದಿ ಕ್ರೈಸ್ತರಲ್ಲಿ ಕೆಲವರು ನಿಸಾನ್ 14ರಂದು, ಅದು ಯಾವ ವಾರವಾದರೂ ಸರಿಯೆ, ಹಬ್ಬ ಮಾಡುತ್ತಿದ್ದರು. ಕೆಲವರು ಪ್ರಭು ಪುನರುತ್ಥಾನರಾದ ಭಾನುವಾರವೇ ಬೇಕೆಂದರು. ಒಂದೇ ಮನೆಯ ಮಕ್ಕಳಲ್ಲಿ ಒಬ್ಬರು ಉಪವಾಸವಿರುವಾಗ ಮತ್ತೊಬ್ಬರು ಹಬ್ಬದೂಟಕ್ಕೆ ಕುಳಿತಂತಾಯಿತು. 325ರ ನಿಸೇಯ ಮಹಾಸಭೆಯು ಎಲ್ಲರೂ ಒಂದೇ ದಿನ ಆಚರಿಸಬೇಕೆಂದು ತೀರ್ಮಾನಿಸಿತು. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರವೇ ಪಾಸ್ಖವೆಂಬ ಕ್ರಮ ನೆಲೆಗೊಂಡಿತು. 2024ರಲ್ಲಿ ಆ ಹುಣ್ಣಿಮೆ ಮಾರ್ಚ್ 25ರಂದೇ ಬಂದಿತು; ಅಧಿಕ ಮಾಸ ಸೇರಿಸಿದ್ದ ಯೆಹೂದ್ಯರು ಮುಂದಿನ ಹುಣ್ಣಿಮೆಯನ್ನು ಹಿಡಿದರು. ಇದು ಕ್ರಮದ ಭೇದವೇ ಹೊರತು ತಪ್ಪಲ್ಲ.

ಹಬ್ಬ, ಅಮಾವಾಸ್ಯೆಗಳ ವಿಷಯದಲ್ಲಿ ಯಾರೂ ನಿಮ್ಮನ್ನು ದೋಷಿಗಳೆಂದು ಎಣಿಸದಿರಲೆಂದು ಸಂತ ಪೌಲರು ಕೊಲೊಸ್ಸೆಯರಿಗೆ ತಿಳಿಸಿದ್ದಾರೆ. ನಾವೂ ಯಾರನ್ನೂ ಎಣಿಸದಿರೋಣ. ನಿಸೇಯ ಸಭೆಗೆ 1700 ವರ್ಷ ತುಂಬಿದ 2025ರಲ್ಲಿ ಪೂರ್ವದ ಸಭೆಗಳೂ ನಾವೂ ಏಪ್ರಿಲ್ 20ರಂದೇ ಪಾಸ್ಖವನ್ನು ಆಚರಿಸಿದೆವು. ಆದರೆ ಹೆಚ್ಚಿನ ವರ್ಷಗಳಲ್ಲಿ ಆ ಭಾಗ್ಯವಿಲ್ಲ. ದಿನ ಯಾವುದೆಂದು ವಾದಿಸುವುದಕ್ಕಿಂತ ಎಲ್ಲರಿಗೂ ದಿನ ಒಂದಾಗಲೆಂದು ಪ್ರಾರ್ಥಿಸುವುದೇ ಈ ಶತಮಾನೋತ್ಸವದಲ್ಲಿ ನಮಗೆ ಒಪ್ಪುವ ಕಾರ್ಯವಾಗಿದೆ. ಪುನರುತ್ಥಾನಿ ಪ್ರಭು ನಮ್ಮೆಲ್ಲರನ್ನು ಆಶೀರ್ವದಿಸಲಿ.