ಕಡಲ ಮೇಲೆ ಒಂದು ಹಗಲು



ಸ್ನೇಹಿತರ ಮನೆಗೆ ಹೋಗುವುದನ್ನು ಮುಂದಕ್ಕೆ ಹಾಕುವುದರಲ್ಲಿ ನಾವು ಓದಿದವರು ಬಹಳ ಜಾಣರು. ಪರೀಕ್ಷೆ ಮುಗಿಯಲಿ, ಮಳೆ ನಿಲ್ಲಲಿ, ಮಗುವಿಗೆ ಜ್ವರ ಬಿಡಲಿ ಎಂದು ದಿನ ದೂಡುತ್ತೇವೆ. ನಾನಂತೂ ಹಾಗೆ ಹದಿನೆಂಟು ವರ್ಷ ಕಳೆದೆನು.

ನನ್ನ ಸಹಪಾಠಿಯೊಬ್ಬನ ಊರು ಉಡುಪಿಯ ಬಳಿಯ ಮಲ್ಪೆ. ಅವನ ತಂದೆ ಮೀನುದೋಣಿಯ ತಂಡೇಲರು, ಎಂದರೆ ದೋಣಿಯನ್ನೂ ಅದರಲ್ಲಿರುವವರನ್ನೂ ನಡೆಸುವ ಹಿರಿಯರು. ಪ್ರತಿವರ್ಷವೂ ಮಳೆಗಾಲ ಕಳೆದೊಡನೆ, "ಕಡಲು ಶಾಂತವಾಗಿದೆ, ಮಾಸ್ಟ್ರನ್ನು ಬರಹೇಳು" ಎಂದು ಮಗನಿಂದ ಕಾಗದ ಬರೆಸುತ್ತಿದ್ದರು. "ಬರುವ ವರ್ಷ ಖಂಡಿತ" ಎಂದು ನಾನು ಉತ್ತರ ಬರೆಯುತ್ತಿದ್ದೆ. ಕೊನೆಗೆ ಒಂದು ಜನವರಿಯಲ್ಲಿ ಇಬ್ಬರು ಗೆಳೆಯರೊಡನೆ ಘಟ್ಟವಿಳಿದು ಹೋದಾಗ, ಆ ಹಿರಿಯರು ತೀರಿಕೊಂಡು ಎಂಟು ತಿಂಗಳಾಗಿದ್ದಿತು.

ಮರುದಿನ ಬೆಳಕು ಹರಿಯುವ ಮೊದಲೇ ನಮ್ಮನ್ನು ದೋಣಿ ಹತ್ತಿಸಿದರು. ಚುಕ್ಕಾಣಿ ಹಿಡಿದವನು ಸಹಪಾಠಿಯ ತಮ್ಮ. ಇಷ್ಟು ಬೇಗ ಏಕೆ ಎಂದು ಕೇಳಿದುದಕ್ಕೆ ಅವನು, "ಅಪ್ಪನ ಅಪ್ಪಣೆ. ಮಾಸ್ಟ್ರು ಬಂದರೆ ಬೆಳಿಗ್ಗೆಯೇ ಕರೆದುಕೊಂಡು ಹೋಗು, ಮಧ್ಯಾಹ್ನದ ಗಾಳಿ ಅವರಿಗೆ ಆಗದು ಎನ್ನುತ್ತಿದ್ದರು" ಎಂದನು. ನನಗೆ ಮಾತು ಹೊರಡಲಿಲ್ಲ.

ಈ ಗಾಳಿಯ ಸಂಗತಿ ತಿಳಿಯತಕ್ಕದ್ದು. ರಾತ್ರಿ ನೆಲವು ನೀರಿಗಿಂತ ಬೇಗ ತಣ್ಣಗಾಗುವುದರಿಂದ ಬೆಳಗಿನ ಜಾವದಲ್ಲಿ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಬಿಸಿಲೇರಿ ನೆಲ ಕಾದಮೇಲೆ ಅದು ತಿರುಗಿ ಕಡಲಿನಿಂದ ನೆಲದತ್ತ ಬೀಸುತ್ತದೆ. ಹಾಯಿಯ ಕಾಲದಲ್ಲಿ ಬೆಸ್ತರು ಒಂದು ಗಾಳಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುತ್ತಿದ್ದರು. ಈಗ ಯಂತ್ರ ಬಂದಿದ್ದರೂ ಗಾಳಿಯ ಮರ್ಯಾದೆ ಕಡಿಮೆಯಾಗಿಲ್ಲ.

ನಾವು ಹೋದುದು ಸಂತ ಮೇರಿಯ ದ್ವೀಪಗಳಲ್ಲೊಂದಾದ ತೆಂಗಿನ ದ್ವೀಪಕ್ಕೆ. 1498 ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಆ ಹೆಸರಿಟ್ಟನೆಂದು ಪ್ರತೀತಿ. ಆದರೆ ಅಲ್ಲಿನ ಕಲ್ಲುಗಳ ಮುಂದೆ ಗಾಮನು ನಿನ್ನೆಯವನು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಒಂದನ್ನೊಂದು ಅಗಲುತ್ತಿದ್ದ ಕಾಲದಲ್ಲಿ ಉಕ್ಕಿದ ಶಿಲಾರಸ ಅದು. ಆರುವಾಗ ಕುಗ್ಗಿ, ಬಿರಿದು, ಐದು ಆರು ಮುಖಗಳ ಕಂಬಗಳಾಗಿ, ಶಿಲ್ಪಿ ಕಡೆದು ಜೋಡಿಸಿದಂತೆ ಒಂದರ ಪಕ್ಕದಲ್ಲೊಂದು ನಿಂತಿದೆ. ಆ ಕಂಬಗಳ ಮೇಲೆ ಕುಳಿತು ನಾವು ಅವಲಕ್ಕಿ ತಿಂದೆವು. ಕಾಲೇಜಿನ ದಿನಗಳನ್ನು ನೆನೆದು ಹುಡುಗರಂತೆ ನಕ್ಕೆವು.

ಹನ್ನೊಂದು ಗಂಟೆಯ ವೇಳೆಗೆ ಗೆಳೆಯರಲ್ಲೊಬ್ಬರು, ಬಿದನೂರಿನ ಅರಸರ ಕಾಲದ ಕೋಟೆಯಿರುವ ದರಿಯಾಬಹಾದೂರಗಡವನ್ನೂ ನೋಡಿಯೇ ಹೋಗೋಣವೆಂದು ಹಟಮಾಡಿದರು. ತಮ್ಮನು ನೀರಿನ ಮೇಲೆ ಕಣ್ಣಾಡಿಸಿ, "ಪಡುಗಾಳಿ ಎದ್ದಿತು, ಮಾಸ್ಟ್ರೆ. ಇಂದಿಗೆ ಇಷ್ಟೇ" ಎಂದನು. ನಮ್ಮ ಕಣ್ಣಿಗೆ ಯಾವ ಗಾಳಿಯೂ ಕಾಣಲಿಲ್ಲ. ಗೊಣಗುತ್ತ ದೋಣಿ ಹತ್ತಿದೆವು. ಅರ್ಧ ದಾರಿ ಬರುವಷ್ಟರಲ್ಲಿ ದೋಣಿ ತೊಟ್ಟಿಲಾಯಿತು. ಮೂವರು ವಿದ್ಯಾವಂತರೂ ಅಂಚನ್ನು ಬಿಗಿಯಾಗಿ ಹಿಡಿದು ಮೌನವ್ರತ ತಾಳಿದೆವು.

ಮನೆಯಲ್ಲಿ ಆ ತಾಯಿ ಬೆಲ್ಲ ನೀರು ಕೊಟ್ಟು ಕೂರಿಸಿದರು. ಹದಿನೆಂಟು ವರ್ಷಗಳ ಮಾತನ್ನು ಅವರು ಎತ್ತಲೇ ಇಲ್ಲ. "ದೋಣಿಯಲ್ಲಿ ಹೆದರಲಿಲ್ಲವಷ್ಟೆ? ಘಟ್ಟದ ಮೇಲಿನವರಿಗೆ ಕಡಲಿನ ಅಭ್ಯಾಸವಿಲ್ಲವೆಂದು ಅವರಿಗೆ ಅದೇ ಯೋಚನೆ" ಎಂದರು. ಆಕ್ಷೇಪಣೆ ಮಾಡಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತೋ ಏನೋ.

ನಮ್ಮ ಬರವನ್ನು ಕಾಯುವವರು ನಾವು ಬಾರದ ದಿನಗಳಲ್ಲಿಯೂ ನಮಗಾಗಿ ಸಿದ್ಧತೆ ಮಾಡುತ್ತಿರುತ್ತಾರೆ. ಇದು ನನಗೆ ತಡವಾಗಿ ತಿಳಿಯಿತು. ತಮ್ಮ ಮೇಜಿನ ಮೇಲೆಯೂ ಅಂತಹ ಕರೆಯೊಂದು ಉಳಿದಿದ್ದರೆ, "ಬರುವ ವರ್ಷ" ಎಂದು ಉತ್ತರ ಬರೆಯಬೇಡಿ. ಹೊರಡುವ ದಿನವನ್ನು ಬರೆಯಿರಿ.