ಗಿಟಾರಿನ ವಾಲ್ವ್ ಆಂಪ್ಲಿಫೈಯರ್ ಮತ್ತು ಮನೆಯ ಕಂಪ್ಯೂಟರ್



ವಾಲ್ವ್ ಎಂದೊಡನೆ ನಿಮ್ಮಲ್ಲಿ ಹಿರಿಯರಿಗೆ ನೆನಪಾಗುವುದು ಹಳೆಯ ರೇಡಿಯೋ. ಸ್ವಿಚ್ ಹಾಕಿ, ಒಳಗಿನ ಗಾಜಿನ ನಳಿಕೆಗಳು ಕಾದು ಕೆಂಪಾದ ಮೇಲೆಯೇ ಅದು ಮಾತನಾಡುತ್ತಿತ್ತು. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಜಾಲಹಳ್ಳಿಯಲ್ಲಿ ಇಂಥ ವಾಲ್ವುಗಳನ್ನು ತಯಾರಿಸುತ್ತಿತ್ತು. ರೇಡಿಯೋದಿಂದ ವಾಲ್ವ್ ಮರೆಯಾಯಿತು. ಗಿಟಾರ್ ನುಡಿಸುವವರು ಮಾತ್ರ ಅದನ್ನು ಬಿಟ್ಟಿಲ್ಲ. ಜೋರಾಗಿ ಮೀಟಿದಾಗ ಅದರ ನಾದ ತುಂಬಿ ಬಿರಿಯುವ ಬಗೆ ಅವರಿಗೆ ಬೇಕು. ಆ ನಾದವನ್ನು ಈಗ ಮನೆಯ ಕಂಪ್ಯೂಟರಿನಲ್ಲೇ ಮುದ್ರಿಸಿಕೊಳ್ಳಬಹುದು. ವಿಲ್ಸನ್ ಗಾರ್ಡನ್ನಿನ ಯಾವುದೋ ಅಡ್ಡರಸ್ತೆಯ ಮಹಡಿ ಕೋಣೆಯಲ್ಲಿ ನಿಮ್ಮ ಮಗನೋ ಮಗಳೋ ಈ ಸಾಹಸಕ್ಕೆ ಕೈಹಾಕಿದ್ದರೆ, ಈ ಮಾತುಗಳು ಅವರಿಗೂ ನಿಮಗೂ ಸೇರಿದವು.

ಮೊದಲ ತಪ್ಪು ಎಲ್ಲಿ ಆಗುತ್ತದೆ? ಆಂಪ್ಲಿಫೈಯರಿನ ಹಿಂದೆ ಸ್ಪೀಕರಿಗೆಂದು ಒಂದು ಸಾಕೆಟ್ ಇದೆ. ಅಲ್ಲಿಂದ ಕಂಪ್ಯೂಟರಿಗೆ ನೇರವಾಗಿ ಒಂದು ತಂತಿ ಎಳೆದರಾಯಿತು ಎಂದು ತೋರುವುದು ಸಹಜ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. 20 ವಾಟ್ ಆಂಪ್ಲಿಫೈಯರ್ 8 ಓಮ್ ಸ್ಪೀಕರಿಗೆ ಪೂರ್ಣ ಶಕ್ತಿ ಕೊಡುವಾಗ ಆ ಸಾಕೆಟ್ಟಿನಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ. ಕಂಪ್ಯೂಟರಿನ ಲೈನ್ ಸಾಕೆಟ್ ಬಯಸುವುದು ಹೆಚ್ಚೆಂದರೆ ಒಂದೆರಡು ವೋಲ್ಟ್. ಮೈಕಿನ ಸಾಕೆಟ್ ಬಯಸುವುದು ಕೆಲವೇ ಮಿಲಿವೋಲ್ಟ್. ಹೀಗೆ ಜೋಡಿಸಿದರೆ ಕಂಪ್ಯೂಟರ್ ಕೆಡುವ ಸಂಭವವೇ ಹೆಚ್ಚು.

ಆಂಪ್ಲಿಫೈಯರಿಗೂ ಇದರಿಂದ ಕ್ಷೇಮವಿಲ್ಲ. ವಾಲ್ವುಗಳು ಹೆಚ್ಚು ವೋಲ್ಟಿನಲ್ಲಿ, ಕಡಿಮೆ ಕರೆಂಟಿನಲ್ಲಿ ಕೆಲಸ ಮಾಡುತ್ತವೆ. ಸ್ಪೀಕರಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಇವೆರಡನ್ನೂ ಹೊಂದಿಸುವುದು ನಡುವಿನ ಟ್ರಾನ್ಸ್‌ಫಾರ್ಮರ್. ಗಾಡಿ ಎಳೆಯುತ್ತಿರುವ ಎತ್ತಿನ ನೊಗ ಫಕ್ಕನೆ ಕಳಚಿದರೆ ಎತ್ತು ಮುಗ್ಗರಿಸುವುದಿಲ್ಲವೇ? ಹಾಗೆಯೇ ಸ್ಪೀಕರಿನ ಹೊರೆ ಇಲ್ಲದೆ ನುಡಿಸಿದಾಗ ಆ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಮಿತಿಮೀರಿ ಏರಿ ಅದು ಸುಟ್ಟುಹೋಗಬಹುದು. ಆದ್ದರಿಂದ ಸರಿಯಾದ ಓಮಿನ ಸ್ಪೀಕರನ್ನು ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ಚಾಲೂ ಮಾಡಲೇಬೇಡಿ.

ಹಾಗಾದರೆ ಸರಿಯಾದ ದಾರಿ ಯಾವುದು? ಬಹಳ ಸರಳ. ಸ್ಪೀಕರಿನ ಮುಂದೆ ಒಂದು ಮೈಕ್ ಇಡಿ. 1965ರಿಂದ ಬಳಕೆಯಲ್ಲಿರುವ ಶ್ಯೂರ್ ಎಸ್‌ಎಂ57ನಂಥ ಗಟ್ಟಿಮುಟ್ಟಾದ ಡೈನಾಮಿಕ್ ಮೈಕ್ ಸಾಕು. ಸ್ಪೀಕರಿನ ಬಟ್ಟೆಯಿಂದ ಎರಡು ಮೂರು ಬೆರಳಿನಷ್ಟು ದೂರ, ನಟ್ಟನಡುವಿನಿಂದ ತುಸು ಪಕ್ಕಕ್ಕೆ ಇರಲಿ. ಮೈಕಿನ ತಂತಿ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆಗೆ, ಅಲ್ಲಿಂದ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ. ಅತಿ ಜೋರಾದ ಮೀಟು ಕೂಡ ಪರದೆಯ ಮೇಲಿನ ಅಳತೆಯಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲುವಂತೆ ನೋಡಿಕೊಳ್ಳಿ. ಈ ವಿಧಾನದ ದೊಡ್ಡ ಗುಣ ಇದು: ಆಂಪ್ಲಿಫೈಯರಿಗೂ ಮೈಕಿಗೂ ನಡುವೆ ಇರುವುದು ಬರೀ ಗಾಳಿ. ತಂತಿಯ ನಂಟೇ ಇಲ್ಲ.

ಇನ್ನು ಜೀವಕ್ಕೆ ಸಂಬಂಧಿಸಿದ ಮಾತು. ಆಂಪ್ಲಿಫೈಯರಿನ ಲೈನ್ ಔಟ್‌ನಿಂದ ಇಂಟರ್‌ಫೇಸಿಗೆ ತಂತಿ ಜೋಡಿಸಿದಾಗ ಕೆಲವೊಮ್ಮೆ ‘ಗುಂಯ್’ ಎಂಬ ಸದ್ದು ಕೇಳಿಸುತ್ತದೆ. ಎರಡೂ ಉಪಕರಣಗಳ ಅರ್ತ್ ತಂತಿಗಳು ಸೇರಿ ಒಂದು ಸುತ್ತು ಏರ್ಪಟ್ಟು, ನಮ್ಮ 50 ಹರ್ಟ್ಸ್ ವಿದ್ಯುತ್ತು ಅಲ್ಲಿ ಹಾಡತೊಡಗುತ್ತದೆ. ಆಗ ಯಾರೋ ಬಲ್ಲವರು, ‘ಪ್ಲಗ್ಗಿನ ದಪ್ಪ ಪಿನ್ನು ತೆಗೆದುಬಿಡಿ, ಸದ್ದು ನಿಲ್ಲುತ್ತದೆ’ ಎನ್ನುತ್ತಾರೆ. ಸದ್ದು ನಿಲ್ಲುವುದು ನಿಜ. ಆದರೆ ಆ ಪಿನ್ನಿನ ಜೊತೆಗೆ ನಿಮ್ಮ ರಕ್ಷಣೆಯೂ ಹೋಯಿತು. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಒಳಗೆ ಎಲ್ಲೋ ಒಂದು ತಂತಿ ಸಡಿಲಗೊಂಡು ಚೌಕಟ್ಟಿಗೆ ತಾಗಿದರೆ, 230 ವೋಲ್ಟ್ ನುಡಿಸುವವರ ಬೆರಳಿನವರೆಗೆ ಬಂದು ನಿಲ್ಲುತ್ತದೆ. ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ 3ರಂದು ಸ್ವಾನ್ಸಿ ನಗರದ ವೇದಿಕೆಯ ಮೇಲೆ, ಅರ್ತ್ ಸರಿಯಿಲ್ಲದ ಮೈಕನ್ನು ಮುಟ್ಟಿ, ವಿದ್ಯುತ್ ಆಘಾತದಿಂದ ಪ್ರಾಣ ಬಿಟ್ಟರು.

ಸದ್ದನ್ನು ನಿಲ್ಲಿಸಬೇಕಾದದ್ದು ಧ್ವನಿಯ ತಂತಿಯಲ್ಲಿ, ವಿದ್ಯುತ್ತಿನ ತಂತಿಯಲ್ಲಲ್ಲ. ಎರಡೂ ಉಪಕರಣಗಳನ್ನು ಒಂದೇ ಬೋರ್ಡಿಗೆ ಹಾಕಿ. ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಆಗಲೂ ನಿಲ್ಲದಿದ್ದರೆ ಧ್ವನಿಯ ತಂತಿಯ ನಡುವೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಇಲ್ಲವೇ ಮೈಕಿನ ದಾರಿಗೇ ಮರಳಿ.

ಹಳೆಯ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಗೋಡೆಯ ಸಾಕೆಟ್ಟಿಗೆ ಮೂರು ತೂತುಗಳಿದ್ದ ಮಾತ್ರಕ್ಕೆ ಮೂರನೆಯದಕ್ಕೆ ಅರ್ತ್ ಬಂದಿದೆ ಎಂದು ನಂಬಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ಕರೆಂಟು ದಾರಿ ತಪ್ಪಿ ಹರಿದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಆಂಪ್ಲಿಫೈಯರಿನ ಮುಚ್ಚಳವನ್ನಂತೂ ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಕೊನೆಯದಾಗಿ ನೆರೆಹೊರೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ವಾಲ್ವಿನ ನಾದ ಪಕ್ಕದವರ ಮಂಚದವರೆಗೂ ಹೋಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ಮೈಕ್ ಹತ್ತಿರವಿದ್ದರೆ ಸಣ್ಣ ದನಿಯೂ ಚೆನ್ನಾಗಿ ಮುದ್ರಣವಾಗುತ್ತದೆ. ಹಗಲಿನಲ್ಲೇ ನುಡಿಸಿ, ಮುದ್ರಿಸಿಕೊಳ್ಳಿ. ಪ್ಲಗ್ಗಿನ ಮೂರನೆಯ ಪಿನ್ನು ಮಾತ್ರ ಇದ್ದಲ್ಲೇ ಇರಲಿ.