ದಡ ಸರಿಯುವ ಊರಲ್ಲಿ ದೋಣಿಯ ಟ್ರೇಲರ್

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಅಡಿಕೆ ಸುಲಿಯುತ್ತಾ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ. ಇವತ್ತು ಮ್ಯೂಚುವಲ್ ಫಂಡೂ ಇಲ್ಲ, ಜಿಎಸ್‌ಟಿಯೂ ಇಲ್ಲ. ಬಿ.ಕಾಂ ಓದಿದ ನಾನು ಒಂದು ಟ್ರೇಲರ್ ಬಗ್ಗೆ ಮಾತಾಡ್ತೀನಿ. ಸಿನಿಮಾದ್ದಲ್ಲ ಮಾರಾಯ್ರೆ, ಜೀಪಿನ ಹಿಂದೆ ಕಟ್ಟಿ ದೋಣಿ ಎಳೆಯೋದು.

ನಮ್ಮ ಮಾವನ ಮನೆ ಇರೋದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಅಂಚಿಗೆ. ಹದಿನಾಲ್ಕು ಅಡಿಯ ಫೈಬರ್ ದೋಣಿ, ಹಿಂದೆ ಸಣ್ಣ ಎಂಜಿನ್. ಅದನ್ನ ನೀರಲ್ಲೇ ಕಟ್ಟಿ ಬಿಡೋದಕ್ಕೆ ಏನು ಕಷ್ಟ ಅಂತ ಹೊರಗಿನವರು ಕೇಳ್ತಾರೆ. ಕಷ್ಟ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ನಮ್ಮ ಕಡೆ ದಡ ಅನ್ನೋದು ಒಂದೇ ಜಾಗದಲ್ಲಿ ನಿಲ್ಲೋದಿಲ್ಲ. ಪೂರ್ತಿ ತುಂಬಿದಾಗ ನೀರಿನ ಮಟ್ಟ 1,819 ಅಡಿ. ಆಗ ತೋಟದ ಬೇಲಿ ಹತ್ತಿರವೇ ಅಲೆ. ಮೇ ತಿಂಗಳಲ್ಲಿ ಅದೇ ನೀರು ಕೆಸರು ಬಯಲಿನ ಆಚೆ, ಸತ್ತ ಮರದ ಬೊಡ್ಡೆಗಳ ಹಿಂದೆ. ಸಂಜೆ ಕಟ್ಟಿದ ದೋಣಿ ಬೆಳಗ್ಗೆ ಎಲ್ಲಿರುತ್ತೆ ಅಂತ ಹೇಳೋಕಾಗಲ್ಲ. ಹಾಗಾಗಿ ಮನೇಲಿಟ್ಟು, ಬೇಕಾದಾಗ ನೀರಿಗೆ ಒಯ್ಯೋದು.

ಹೊಳೆಬಾಗಿಲಿನ ಲಾಂಚ್ ನೆನಪಿದೆಯಲ್ಲ? ನೀರು ತೀರಾ ಇಳಿದಾಗ ಲಾಂಚು ದಡಕ್ಕೆ ಸರಿಯಾಗಿ ಕೂರದೆ, ವಾಹನ ಬಿಟ್ಟು ಬರೀ ಜನರನ್ನ ಹತ್ತಿಸ್ತಿದ್ರು. ಈಗ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ಇದೆ, 2025ರ ಜುಲೈ 14ಕ್ಕೆ ಉದ್ಘಾಟನೆ ಆಯ್ತು. ನಾನೂ ರೀಲ್ ಮಾಡಿದ್ದೆ. ಆದರೆ ಸೇತುವೆ ಇರೋದು ಒಂದು ಜಾಗದಲ್ಲಿ, ಹಿನ್ನೀರು ಕೈ ಚಾಚಿರೋದು ನೂರು ಕಡೆ. ಮಾವನ ಮನೆಯಿಂದ ಅದು ದೂರ.

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ರಾತ್ರಿ, ಪಕ್ಕದ ಮನೆ ಅಜ್ಜನಿಗೆ ಮಾತು ತೊದಲಿತು, ಬಲಗೈ ಬಿದ್ದುಹೋಯ್ತು. ಆಂಬುಲೆನ್ಸ್ ಆಚೆ ದಡಕ್ಕೆ ಬಂದು ಲೈಟ್ ಹಾಕ್ಕೊಂಡು ನಿಂತಿತ್ತು. ನಾವು ಈಚೆ ದಡದಲ್ಲಿ ದೋಣಿ ತಳ್ಳುತ್ತಿದ್ವಿ. ಜೀಪಿನ ಹಿಂದಿನ ಚಕ್ರ ಕೆಸರಲ್ಲಿ ಹೂತಿತ್ತು, ನೀರು ಟ್ರೇಲರಿನ ಆಕ್ಸಲ್ ಮಟ್ಟಕ್ಕೂ ಬಂದಿರಲಿಲ್ಲ, ದೋಣಿ ಅಲ್ಲಾಡ್ತಿರಲಿಲ್ಲ. ನಲವತ್ತು ನಿಮಿಷ. ಅಜ್ಜ ಉಳಿದರು, ಬಲಗೈ ಪೂರ್ತಿ ವಾಪಸ್ ಬರಲಿಲ್ಲ. ಅದನ್ನ ಯಾರೂ ನಮ್ಮ ಲೆಕ್ಕಕ್ಕೆ ಬರೆದಿಲ್ಲ. ಮಾವ ಬರ್ಕೊಂಡಿದ್ದಾರೆ.

ಮುಂದಿನ ವಾರ ನಾವಿಬ್ಬರೂ ಟ್ರೇಲರ್ ಬಿಚ್ಚಿ ಕೂತ್ವಿ. ಮೊದಲು ತೂಕ. "ಎಂತ ತೊಂದರೆ ಅಪ್ಪಿ, ಕೈಯಲ್ಲಿ ಎತ್ತಿದ್ರೆ ಹಗುರ ಇದೆಯಲ್ಲ" ಅಂದ್ರು ಮಾವ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಜೀಪಿಗೆ ಸಿಕ್ಕಿಸೋ ತುದಿಯ ಮೇಲೆ ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಕೂರಬೇಕು. ತೀರಾ ಕಮ್ಮಿಯಾದ್ರೆ ರಸ್ತೇಲಿ ಟ್ರೇಲರ್ ಬಾಲ ಆಡಿಸುತ್ತೆ. ಅಡಿಕೆ ಮೂಟೆ ತೂಗೋ ಯಂತ್ರದ ಮೇಲೆ, ಜೀಪಿನ ಕೊಕ್ಕೆಯಷ್ಟೇ ಎತ್ತರಕ್ಕೆ, ಮೂತಿ ಇಟ್ಟು ನೋಡಿದ್ವಿ. ದೋಣಿ, ಎಂಜಿನ್, ಟ್ರೇಲರ್ ಸೇರಿ 460 ಕೆ.ಜಿ.; ಮೂತಿಯ ಮೇಲೆ ಬರೀ 28. ಕಾರಣ, ದೋಣಿ ಹಿಂದಕ್ಕೆ ಕೂತಿತ್ತು. ಹಿಂಭಾಗ, ಅಂದ್ರೆ ಎಂಜಿನ್ ತೂಗೋ ಕಡೆ, ಹಲಗೆಗಿಂತ ಒಂದು ಗೇಣು ಆಚೆ ಚಾಚಿತ್ತು. ಆ ಭಾರ ಅಡಿಯಲ್ಲಿ ಆಧಾರ ಇಲ್ಲದೆ ನೇತಾಡಿದ್ರೆ ಫೈಬರ್ ತಳ ನಿಧಾನಕ್ಕೆ ಬಾಗುತ್ತೆ. ವಿಂಚ್ ಇರೋ ಕಂಬದ ಬೋಲ್ಟ್ ಸಡಿಲಿಸಿ ಎಂಟು ಇಂಚು ಮುಂದಕ್ಕೆ ಸರಿಸಿದ್ವಿ, ದೋಣಿ ಅಷ್ಟೇ ಮುಂದೆ ಬಂತು. ಮತ್ತೆ ತೂಗಿದ್ರೆ 45. ಒಂದೇ ಸ್ಪ್ಯಾನರಲ್ಲಿ ಎರಡು ಕೆಲಸ.

ಆಮೇಲೆ ಹಲಗೆ. ದೋಣಿ ಕೂರೋ ಎರಡು ಉದ್ದ ಹಲಗೆಗೆ ಹಳೇ ಗೋಣಿಚೀಲ ಸುತ್ತಿತ್ತು. ಒಣಗಿದ ಗೋಣಿ ತಳವನ್ನ ಕಚ್ಚಿ ಹಿಡಿಯುತ್ತೆ. ಅದನ್ನ ಕಿತ್ತು ಸಿಂಥೆಟಿಕ್ ಕಾರ್ಪೆಟ್ ಹಾಕಿದ್ವಿ, ಮೊಳೆ ಹಲಗೆಯ ಕೆಳಗಡೆಯಿಂದ. ಹಲಗೆಗಳನ್ನ ದೋಣಿಯ ತಳದ ಇಳಿಜಾರಿಗೆ ಹೊಂದೋ ಹಾಗೆ ಓರೆ ಮಾಡಿ, ಹಿಂದೆ ನಡುಮಧ್ಯ ಒಂದು ರಬ್ಬರ್ ರೋಲರ್ ಕೂರಿಸಿದ್ವಿ. ರೋಲರ್ ಹಾಕೋರಿಗೆ ಒಂದು ಎಚ್ಚರಿಕೆ: ನೀರಿಗೆ ಇಳಿಯೋ ಮೊದಲು ವಿಂಚಿನ ಕೊಕ್ಕೆ ಬಿಚ್ಚಬೇಡಿ. ನಾನು ಬಿಚ್ಚಿದ್ದೆ. ದೋಣಿ ತಾನಾಗೇ ಜಾರಿ ಕೆಸರಿಗೆ ಕೂತ್ಕೊಳ್ತು. ಮಾವ ಆವತ್ತು ನನಗೆ ಅಂದಿದ್ದನ್ನ ಇಲ್ಲಿ ಹೇಳಲ್ಲ.

ವಾಪಸ್ ಹತ್ತಿಸೋದು ಇನ್ನೊಂದು ತಲೆನೋವಾಗಿತ್ತು. ನೀರೊಳಗೆ ಹೋದ ಟ್ರೇಲರ್ ಕಾಣಲ್ಲ, ಗಾಳಿ ಬೀಸಿದ್ರೆ ದೋಣಿ ಓರೆಯಾಗಿ ಕೂರುತ್ತೆ. ಹಿಂದಿನ ಎರಡು ಮೂಲೆಗೆ ಕಬ್ಬಿಣದ ಕಂಬ ನಿಲ್ಲಿಸಿ ಬಿಳಿ ಪಿವಿಸಿ ಪೈಪ್ ಇಳಿಬಿಟ್ವಿ, ಮೇಲೆ ರೇಡಿಯಂ ಸ್ಟಿಕ್ಕರ್. ಈಗ ಟಾರ್ಚ್ ಬಿಟ್ರೆ ರಾತ್ರೀನೂ ಗೋಲ್‌ಪೋಸ್ಟ್ ಥರ ಕಾಣುತ್ತೆ. ಟ್ರೇಲರನ್ನ ತೀರಾ ಆಳಕ್ಕೂ ಇಳಿಸಬಾರದು. ಹಲಗೆಯ ಮುಂದಿನ ಮೂರನೇ ಒಂದು ಭಾಗ ಒಣಗಿದ್ರೆ ದೋಣಿ ಅಲ್ಲಿ ಬಂದು ಕಚ್ಚಿಕೊಳ್ಳುತ್ತೆ, ಪೂರ್ತಿ ಮುಳುಗಿಸಿದ್ರೆ ತೇಲಾಡ್ತಾನೇ ಇರುತ್ತೆ. ಪೈಪಿನ ಮೇಲೆ ಕೆಂಪು ಗೆರೆ ಎಳೆದಿದ್ದೀವಿ. ನೀರು ಗೆರೆ ಮುಟ್ಟಿತು ಅಂದ್ರೆ ಜೀಪ್ ನಿಲ್ಲಬೇಕು.

ಈ ಗೆರೆ ಇಳಿಜಾರಿದ್ದಾಗ ಸರಿ. ಮೇ ತಿಂಗಳ ಚಪ್ಪಟೆ ಬಯಲಲ್ಲಿ ನೀರು ಆ ಗೆರೆಗೆ ಬರೋ ಹೊತ್ತಿಗೆ ಜೀಪೇ ಕೆರೆಗಿಳಿದಿರುತ್ತೆ, ಆ ರಾತ್ರಿ ಆಗಿದ್ದು ಅದೇ. ಅದಕ್ಕೆ ಸಾಗರದ ಒಂದು ವೆಲ್ಡಿಂಗ್ ಅಂಗಡೀಲಿ ಎಂಟು ಅಡಿಯ ದಪ್ಪ ಚೌಕ ಪೈಪಿಗೆ ಎರಡೂ ತುದಿಗೆ ಕೊಂಡಿ ಮಾಡಿಸಿದ್ವಿ. ದಡದಲ್ಲಿ ಮಾತ್ರ ಜೀಪಿಗೂ ಟ್ರೇಲರಿಗೂ ಮಧ್ಯೆ ಅದನ್ನ ಸಿಕ್ಕಿಸೋದು, ರಸ್ತೇಲಿ ಅಲ್ಲ. ಜೀಪ್ ಗಟ್ಟಿ ನೆಲದಲ್ಲೇ ನಿಲ್ಲುತ್ತೆ.

ಬೇರಿಂಗ್ ವಿಷಯ ಬಿಟ್ಟುಹೋಯ್ತು. ದೂರದಿಂದ ಓಡಿಸಿ ಬಂದ ಚಕ್ರದ ಹಬ್ ಬಿಸಿ ಇರುತ್ತೆ. ತಣ್ಣೀರಿಗೆ ಇಳಿಸಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನ ಒಳಗೆಳೆದುಕೊಳ್ಳುತ್ತೆ, ಗ್ರೀಸ್ ಹಾಳು. ಪುರುಸೊತ್ತಿದ್ರೆ ಕಾಲು ಗಂಟೆ ಕಾಯಿರಿ, ಆ ಹೊತ್ತಲ್ಲಿ ತಳದ ಬಿರಡೆ ಹಾಕಿದೆಯಾ, ಲೈಫ್ ಜಾಕೆಟ್ ಇದೆಯಾ ನೋಡ್ಕೊಳ್ಳಿ. ಮಾವನ ಮನೆಯಿಂದ ನೀರಿಗೆ ಐದೇ ನಿಮಿಷ, ನಮಗೆ ಆ ಚಿಂತೆ ಇಲ್ಲ.

ಈ ಮೇ ತಿಂಗಳು, ರಾತ್ರಿ ಹತ್ತಕ್ಕೆ, ಮಾವ ಫೋನಲ್ಲಿ ಸ್ಟಾಪ್‌ವಾಚ್ ಹಾಕಿ ಕೂಗಿದ್ರು. ಜೀಪ್ ಸ್ಟಾರ್ಟ್ ಮಾಡಿದಲ್ಲಿಂದ ದೋಣಿ ತೇಲೋವರೆಗೆ ಹನ್ನೊಂದು ನಿಮಿಷ. ಪಕ್ಕದ ಮನೆ ಅಜ್ಜ ಎಡಗೈಲಿ ಟಾರ್ಚ್ ಹಿಡ್ಕೊಂಡು ದಡದಲ್ಲಿ ನಿಂತಿದ್ರು. "ಇನ್ನೊಂದ್ಸಲ ಮಾಡಿ" ಅಂದ್ರು. ಮಾಡಿದ್ವಿ, ಒಂಬತ್ತೂವರೆ ಆಯ್ತು. ಎರಡನೇ ಸಲದ ನಂತರ ನೋಡಿದ್ರೆ ವಿಂಚ್ ಕಂಬದ ಯು-ಬೋಲ್ಟ್ ಸ್ವಲ್ಪ ಸಡಿಲ ಆಗಿತ್ತು. ಮಾವ ಈಗ 17ರ ಸ್ಪ್ಯಾನರನ್ನ ದಾರ ಕಟ್ಟಿ ಆ ಕಂಬಕ್ಕೇ ನೇತುಹಾಕಿದ್ದಾರೆ.

ಮುಂದಿನ ವಾರ ಸಿಗೋಣ.